ಜುಲೈನಲ್ಲಿ ಕಿರ್ಗಿಸ್ತಾನಕ್ಕೆ ಬೈಕ್ ಟೂರ್: ಹುಬ್ಬಳ್ಳಿಯಲ್ಲಿದ್ದುಕೊಂಡೇ ಏನೇನು ತಯಾರಿ ಮಾಡಿಕೊಳ್ಳಬೇಕು?

ಪ್ರಶ್ನೆ: ನವನಗರದ ಬುಲೆಟ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ.

ನನಗೆ ಐವತ್ತು ತುಂಬಿ ಕೆಲವು ತಿಂಗಳಾಯಿತು. ಮನೆ ನವನಗರ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಗಾಡಿ ಕಲಿತದ್ದು ಅಪ್ಪನ ರಾಜದೂತ್ ಮೇಲೆ. ಈಗ ಹನ್ನೊಂದು ವರ್ಷದಿಂದ ಬುಲೆಟ್ 350 ಓಡಿಸುತ್ತಿದ್ದೇನೆ. ದಾಂಡೇಲಿ, ಗೋಕರ್ಣ, ಬಾದಾಮಿ, ಒಂದು ಸಲ ಶ್ರೀಶೈಲ. ದೂರ ಅಂದರೆ ಅಷ್ಟೇ. ದೇಶ ಬಿಟ್ಟು ಹೊರಗೆ ಕಾಲಿಟ್ಟವನಲ್ಲ.

ಮಗಳಿಗೆ ಹೋದ ವರ್ಷ ಕೆಲಸ ಸಿಕ್ಕಿತು. "ಅಪ್ಪಾ, ನೀನು ಸಣ್ಣವನಿದ್ದಾಗಿಂದ ಹೇಳುತ್ತಿದ್ದ ಆ ಗುಡ್ಡಗಾಡಿನ ಪ್ರವಾಸ ಈಗ ಮಾಡಲೇಬೇಕು" ಅಂತ ಹಟ ಹಿಡಿದಳು. ಜುಲೈ ಎರಡನೇ ವಾರ ಕಿರ್ಗಿಸ್ತಾನದಲ್ಲಿ ಹತ್ತು ದಿನದ ಗೈಡೆಡ್ ಟೂರ್ ಬುಕ್ ಆಗಿದೆ. ಬಿಷ್ಕೆಕ್‌ನಿಂದ ಹೊರಟು ತೋ-ಅಶು ಘಾಟ್ ಹತ್ತಿ, ಸೋನ್-ಕುಲ್ ಸರೋವರ, ನರಿನ್, ತಾಶ್ ರಬಾತ್, ಆಮೇಲೆ ಇಸಿಕ್-ಕುಲ್‌ನ ದಕ್ಷಿಣ ದಂಡೆ ಹಿಡಿದು ವಾಪಸ್. ಮುಂದೆ ಗೈಡ್, ಹಿಂದೆ ಸಾಮಾನಿನ ಗಾಡಿ, ಜೊತೆಗೆ ಮೆಕ್ಯಾನಿಕ್.

ಗಾಡಿ ರಾಯಲ್ ಎನ್‌ಫೀಲ್ಡ್‌ನ ಹಳೆಯ 411 ಸಿಸಿ ಹಿಮಾಲಯನ್ ಬೇಕೋ, ಸುಜುಕಿ ಡಿಆರ್650 ಬೇಕೋ ಈಗಲೇ ಹೇಳಿ ಅಂತಿದ್ದಾರೆ. ನನ್ನ ಎತ್ತರ ಐದಡಿ ನಾಲ್ಕಿಂಚು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಅದು ಒಂದು ಚಿಂತೆ. ಥಂಡಿ ಎಷ್ಟಿರುತ್ತದೆ? ನಾವು ಮನೆಯಲ್ಲಿ ಮಾಂಸ ತಿನ್ನುವವರಲ್ಲ, ಊಟದ ಗತಿ ಏನು? ಕೈಯಲ್ಲಿ ಎರಡೂವರೆ ತಿಂಗಳಿದೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಕೆಎ-26, ಗದಗ

ಅಣ್ಣಾರ, ಓದಿ ಭಾಳ ಖುಷಿ ಆಯಿತು. ನಾನು ಅಲ್ಲಿಗೆ ಹೋಗಿಲ್ಲ, ಲಡಾಖ್ ಒಂದೇ ನೋಡಿದ್ದೇನೆ. ಅದರಿಂದ ಗೊತ್ತಾದದ್ದು ಒಂದು ಮಾತು ಹೇಳುತ್ತೇನೆ. ಬೂಟು ಈಗಲೇ ತಗೊಳ್ಳಿ. ಹೊಸ ರೈಡಿಂಗ್ ಬೂಟು ಮೊದಲ ಹದಿನೈದು ದಿನ ಕಾಲನ್ನು ಕಟ್ಟಿ ಹಾಕಿದ ಹಾಗಿರುತ್ತದೆ. ಗೇರ್ ಎತ್ತಲು ಪಾದ ಏಳುವುದೇ ಇಲ್ಲ. ದಿನಾ ಅಂಗಡಿಗೆ ಅದನ್ನೇ ಹಾಕಿಕೊಂಡು ಹೋಗಿ, ಮೆತ್ತಗಾಗಲಿ. ಹೊರಡುವ ದಿನ ಬೂಟು, ಜಾಕೆಟ್ ಮೈಮೇಲೆ ಇರಲಿ, ಹೆಲ್ಮೆಟ್ ಕೈಯಲ್ಲಿರಲಿ. ಬ್ಯಾಗ್ ತೂಕ ಅರ್ಧ ಇಳಿಯುತ್ತದೆ.

ಉತ್ತರ: ಕೆಲಗೇರಿ ಕೆರೆ ದಂಡೆ, ಧಾರವಾಡ

ಅಣ್ಣಾ, ನಾನು ಹೋದ ವರ್ಷ ಜುಲೈನಲ್ಲಿ ಹೆಚ್ಚುಕಡಿಮೆ ಇದೇ ದಾರಿ ಮುಗಿಸಿ ಬಂದೆ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು 53, ಎತ್ತರ ನಿಮಗಿಂತ ಒಂದಿಂಚು ಕಡಿಮೆ. ಎಂಟು ಜನರ ಗುಂಪು, ನಾನೂ ಸೇರಿ ಹೆಣ್ಣುಮಕ್ಕಳು ಇಬ್ಬರೇ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಾನು ಮೂರನೇ ದಿನ ಬಿದ್ದೆ. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗಳಲ್ಲಿ ಅದೊಂದು ಇಲ್ಲ. ಸೋನ್-ಕುಲ್‌ಗೆ ಏರುವ ಕಚ್ಚಾ ದಾರಿ. ತಿರುವಿನಲ್ಲಿ ಎದುರಿಗೆ ಕುದುರೆ ಹಿಂಡು ಬಂತು. ಮುಂದಿನವರು ನಿಂತರು, ನಾನೂ ನಿಂತೆ. ಎಡಗಾಲು ಕೆಳಗಿಟ್ಟೆ. ಅಲ್ಲಿ ನೆಲ ಒಂದು ಗೇಣು ತಗ್ಗಿತ್ತು. ಕಾಲು ನೆಲ ಹುಡುಕುತ್ತಾ ಕೆಳಗೆ ಹೋಯಿತು, ಗಾಡಿ ಮೆಲ್ಲಗೆ ನನ್ನ ಕಡೆ ವಾಲಿತು. 199 ಕಿಲೋದ ಹಿಮಾಲಯನ್ ಒಮ್ಮೆ ವಾಲಿದ ಮೇಲೆ ಹಿಡಿದು ನಿಲ್ಲಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಕ್ಲಚ್ ಲಿವರ್‌ನ ತುದಿ ಮುರಿಯಿತು. ಗಾಡಿ ಓಡುತ್ತಲೇ ಇರಲಿಲ್ಲ, ಪೂರ್ತಿ ನಿಂತಿತ್ತು. ಆ ಹತ್ತು ದಿನದಲ್ಲಿ ನಮ್ಮ ಗುಂಪಿನಲ್ಲಿ ಐದು ಸಲ ಗಾಡಿ ಬಿತ್ತು. ಐದೂ ಸಲ ನಿಂತಲ್ಲೇ, ಇಲ್ಲವೆ ನಡೆಯುವಷ್ಟು ನಿಧಾನದಲ್ಲಿ ಬಿದ್ದದ್ದು.

ಗೈಡೆಡ್ ಟೂರ್ ಅಂದ ಮೇಲೆ ದಾರಿ, ಪೆಟ್ರೋಲ್, ಪಂಕ್ಚರ್, ಮಲಗುವ ಜಾಗ ಎಲ್ಲಾ ಅವರ ಪಾಲು. ನಮ್ಮ ಪಾಲಿಗೆ ಉಳಿಯುವುದು ನಿಧಾನವಾಗಿ ಗಾಡಿ ಹೊಡೆಯುವುದು, ಮರುದಿನ ಮುಂಜಾನೆ ಅದೇ ಮೈಯನ್ನು ಎಬ್ಬಿಸಿಕೊಂಡು ಮತ್ತೆ ಕೂರುವುದು. ನಾವು ಮೂವತ್ತು ವರ್ಷ ಗಾಡಿ ಹೊಡೆದಿದ್ದೇವೆ, ವೇಗ ನಮಗೆ ಬರುತ್ತದೆ. ನಿಧಾನ ಬರುವುದಿಲ್ಲ. ಅದನ್ನು ಯಾರೂ ಕಲಿಸಿಲ್ಲ ಅಲ್ವಾ.

ಹೀಗೆ ಮಾಡಿ. ದಿನಾ ಮುಂಜಾನೆ ಟ್ರಾಫಿಕ್ ಶುರುವಾಗುವ ಮೊದಲು ಒಂದು ಖಾಲಿ ಮೈದಾನ ಹಿಡಿಯಿರಿ. ಎರಡು ಇಟ್ಟಿಗೆ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತಿ. ಮೊದಲ ಗೇರ್, ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಮೇಲೆ ಪಾದ ಹಗುರಾಗಿ. ಮುಂದಿನ ಬ್ರೇಕ್ ಮುಟ್ಟಬೇಡಿ. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಲಗುತ್ತದೆ. ಕಣ್ಣು ಚಕ್ರದ ಮೇಲೆ ಬೇಡ, ಎಲ್ಲಿಗೆ ಹೋಗಬೇಕೋ ಅಲ್ಲಿರಲಿ. ಹದಿನೈದು ದಿನದಲ್ಲಿ ನಿಮಗೇ ಫರಕು ಗೊತ್ತಾಗುತ್ತದೆ.

ಆಮೇಲೆ ಮಣ್ಣಿಗೆ ಇಳಿಯಿರಿ. ನಮ್ಮ ಕಡೆಯವರಿಗೆ ಇದೊಂದು ದೊಡ್ಡ ಅನುಕೂಲ. ಅಣ್ಣಿಗೇರಿ, ನವಲಗುಂದ ಕಡೆ ಎರೆ ಹೊಲದ ದಾರಿಗಳಿವೆ. ಮಳೆ ಬಿದ್ದ ದಿನವೇ ಹೋಗಬೇಡಿ, ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗಿ. ಟ್ರ್ಯಾಕ್ಟರ್ ಗಾಲಿಯ ಗುರುತು ಒಣಗಿ ಗಟ್ಟಿಯಾಗಿರುತ್ತದೆ, ನಡುವೆ ಒಳಗಿನಿಂದ ಇನ್ನೂ ಹಸಿ. ಅಂಥಲ್ಲಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸಿ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಕೈ ಸಡಿಲ ಬಿಡಿ. ಗಾಡಿ ಕೆಳಗೆ ಕುಣಿಯಲಿ, ನೀವು ಮೇಲೆ ಸುಮ್ನೆ ನಿಂತಿರಿ. ಅಲ್ಲಿನ ಕಚ್ಚಾ ರಸ್ತೆಗಳು ತೊಲೆಬಾಗಿಲ ಮುಂದಿನ ರಂಗೋಲಿ ಗೆರೆಗಳ ಹಾಗೆ ಅಡ್ಡಡ್ಡ ಏರಿಳಿತದವು, ಕಿಲೋಮೀಟರ್‌ಗಟ್ಟಲೆ. ಕೂತು ಓಡಿಸಿದರೆ ಸಂಜೆಗೆ ಸೊಂಟ ಉಳಿಯುವುದಿಲ್ಲ. ಹಳ್ಳ ದಾಟುವುದನ್ನು ಮಾತ್ರ ಇಲ್ಲಿ ಅಭ್ಯಾಸ ಮಾಡಬೇಡಿ. ಬೆಣ್ಣೆಹಳ್ಳ ತುಂಬಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಅಲ್ಲಿ ಸಣ್ಣ ತೊರೆಗಳು, ಗೈಡ್ ಮೊದಲು ತಾನು ದಾಟಿ ತೋರಿಸುತ್ತಾನೆ. ನೀರು ನೋಡಬೇಡಿ, ಆಚೆ ದಂಡೆ ನೋಡಿ. ನೀರಲ್ಲಿ ಗಾಡಿ ಬಿದ್ದು ಎಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಬಿದ್ದ ಗಾಡಿ ಎತ್ತುವುದನ್ನೂ ಕಲಿಯಿರಿ. ಅಂಗಳದಲ್ಲಿ ಹಳೆಯ ಗಾದಿ ಹಾಸಿ ಬುಲೆಟ್ ಮಲಗಿಸಿ. ತೂಕ ಹತ್ತಿರಹತ್ತಿರ ಅಷ್ಟೇ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಗೇರಿನಲ್ಲಿ ಹಾಕಿ. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್, ಇನ್ನೊಂದು ಕೈ ಹಿಂದಿನ ರಾಡ್ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಇಟ್ಟು ಹಿಂದಕ್ಕೆ ತಳ್ಳಿ. ಎತ್ತುವುದು ತೊಡೆ, ಸೊಂಟ ಅಲ್ಲ. ನಾನು ಇದನ್ನು ಕಲಿಯದೆ ಹೋಗಿದ್ದೆ. ಅಲ್ಲಿ ಇಬ್ಬರು ಬಂದು ಎತ್ತಿಕೊಟ್ಟರು. ಆ ಎತ್ತರದಲ್ಲಿ ಅವರಿಗೂ ದಮ್ಮು ಕಟ್ಟಿತು, ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ಹಿಮಾಲಯನ್ ತಗೊಳ್ಳಿ ಅಂತೀನಿ. ಸೀಟಿನ ಎತ್ತರ 800 ಮಿಲಿಮೀಟರ್. ಡಿಆರ್650 ಹಗುರ, 166 ಕಿಲೋ, ಒಳ್ಳೆಯ ಗಾಡಿ, ಆದರೆ ಸೀಟು 885. ನಿಮ್ಮ ಕಾಲಿಗೆ ಹೆಬ್ಬೆರಳು ತಾಗಿದರೆ ಹೆಚ್ಚು. ಇನ್ನೊಂದು, ಅದು ಕಾರ್ಬೊರೇಟರ್ ಗಾಡಿ. ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ, ಪೆಟ್ರೋಲ್ ಅಷ್ಟೇ ಬರುತ್ತಿರುತ್ತದೆ, ಎಳೆತ ಕಮ್ಮಿ ಆಗುತ್ತದೆ.

ಎತ್ತರದ ವಿಷಯ ಹಗುರಾಗಿ ತಗೋಬೇಡಿ. ಸೋನ್-ಕುಲ್ ಇರುವುದು 3016 ಮೀಟರ್‌ನಲ್ಲಿ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1930. ಸರೋವರದ ದಂಡೆಯಲ್ಲಿ ನಿಂತರೆ ಮುಳ್ಳಯ್ಯನಗಿರಿ ನಿಮ್ಮ ಕಾಲಿಗಿಂತ ಸಾವಿರ ಮೀಟರ್ ಕೆಳಗೆ. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮುಕ್ಕಾಲು ಭಾಗವೂ ಇರುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಇವು ಬಂದರೆ ಮುಚ್ಚಿಡಬೇಡಿ, ಗೈಡ್‌ಗೆ ಹೇಳಿ. ಜಾಸ್ತಿ ಆಗುತ್ತಾ ಹೋದರೆ ಕೆಳಗೆ ಇಳಿಯುವುದೊಂದೇ ದಾರಿ. ಈ ಎತ್ತರದ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಇಲ್ಲೇ ಡಾಕ್ಟರ್ ಹತ್ತಿರ ಕೇಳಿ. ಸಲ್ಫಾ ಔಷಧಿ ಆಗಿಬರದಿದ್ದರೆ ಅವರಿಗೆ ತಪ್ಪದೆ ಹೇಳಿ. ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳಿ.

ಥಂಡಿ ಕೇಳಿದಿರಿ. ಬಿಷ್ಕೆಕ್‌ನಲ್ಲಿ ಜುಲೈ ಅಂದರೆ ನಮ್ಮ ಏಪ್ರಿಲ್. ಅದೇ ವಾರ ಸೋನ್-ಕುಲ್‌ನಲ್ಲಿ ರಾತ್ರಿ ಆಲಿಕಲ್ಲಿನಂಥ ಮಳೆ ಬಿತ್ತು. ಅಲ್ಲಿ ಒಂದು ಮರ ಇಲ್ಲ, ಬರೀ ಹುಲ್ಲು. ಉಣ್ಣೆಯ ಗುಡಾರದೊಳಗೆ ಸಣ್ಣ ಕಬ್ಬಿಣದ ಒಲೆ, ಅದಕ್ಕೆ ಅವರು ಹಾಕಿದ್ದು ಒಣಗಿದ ಸಗಣಿ. ನಮ್ಮ ಕುಳ್ಳಿನ ವಾಸನೆಯೇ. ಅಜ್ಜಿ ಮನೆಯ ನೀರೊಲೆ ಮುಂದೆ ಕೂತ ಹಾಗಾಯಿತು, ಕಣ್ಣಲ್ಲಿ ನೀರು ಬಂತು. ಒಂದು ದಪ್ಪ ಜಾಕೆಟ್‌ಗಿಂತ ತೆಳ್ಳನೆಯ ಮೂರು ಪದರ ಒಳ್ಳೆಯದು, ಮೇಲೆ ಮಳೆ ತಡೆಯುವ ಒಂದು. ಕೈಗವಸು ಎರಡು ಜೊತೆ ಇರಲಿ. ಮತ್ತೆ ಹೆಲ್ಮೆಟ್‌ಗೆ ಕಪ್ಪು ವೈಸರ್ ಹಾಕಿಕೊಂಡು ಹೋಗಬೇಡಿ. ತೋ-ಅಶು ಘಾಟಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ಸುರಂಗ ಇದೆ. ಒಳಗೆ ಲಾರಿ ಹೊಗೆ, ಮಂದ ಬೆಳಕು. ಬಿಸಿಲಿನಿಂದ ನೇರ ಒಳಗೆ ನುಗ್ಗಿದರೆ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಪಾರದರ್ಶಕ ವೈಸರ್ ಹಾಕಿ, ಬಿಸಿಲಿಗೆ ಬೇರೆ ಕನ್ನಡಕ ಇಟ್ಟುಕೊಳ್ಳಿ.

ಬಲಕ್ಕೆ ಓಡಿಸುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಟ್ರಾಫಿಕ್‌ನಲ್ಲಿ ಎಲ್ಲರೂ ಬಲಕ್ಕೇ ಇರುತ್ತಾರೆ, ನಾವೂ ಇರುತ್ತೇವೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಚಹಾ ಕುಡಿದು ಏಳುತ್ತೀರಿ, ಪೆಟ್ರೋಲ್ ಹಾಕಿಸಿ ಹೊರಗೆ ಬರುತ್ತೀರಿ, ಎದುರಿಗೆ ಒಂದು ಗಾಡಿ ಇಲ್ಲ. ಕೈ ತನ್ನಷ್ಟಕ್ಕೆ ಎಡಕ್ಕೆ ಎಳೆಯುತ್ತದೆ. ನನಗೆ ಎರಡು ಸಲ ಹಾಗಾಯಿತು. ಆಮೇಲೆ ಟ್ಯಾಂಕ್ ಮೇಲೆ ಟೇಪಿನಿಂದ ಬಲಕ್ಕೆ ಬಾಣದ ಗುರುತು ಹಚ್ಚಿಕೊಂಡೆ, ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಅದನ್ನು ಬೆರಳಿಂದ ಮುಟ್ಟುತ್ತಿದ್ದೆ. ಎಡಕ್ಕೆ ತಿರುಗುವಾಗ ಎದುರಿನಿಂದ ಬರುವವರನ್ನು ದಾಟಬೇಕು, ಸರ್ಕಲ್ ಅನ್ನು ಗಡಿಯಾರದ ವಿರುದ್ಧ ಸುತ್ತಬೇಕು, ಇವೆರಡು ನೆನಪಿಡಿ.

ಕೊನೆಗೆ ವಿಮೆ. ಇದರಲ್ಲಿ ನಾನು ಸಿಕ್ಕಿಬೀಳುತ್ತಿದ್ದೆ. ಪ್ರವಾಸ ವಿಮೆ ಮಾಡಿಸಿದೆ, ಏಜೆಂಟರು ಎಲ್ಲಾ ಕವರ್ ಆಗುತ್ತದೆ ಅಂದರು. ಹೊರಡುವ ನಾಲ್ಕು ದಿನ ಮೊದಲು ಪೂರ್ತಿ ಪಾಲಿಸಿ ಕೂತು ಓದಿದರೆ ಮೋಟಾರ್‌ಸೈಕಲ್ ಓಡಿಸುವಾಗ ಆದ ಗಾಯಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೊಟ್ಟು ಬೇರೆ ಪಾಲಿಸಿ ತಗೊಂಡೆ. ನೀವು ಬರವಣಿಗೆಯಲ್ಲಿ ಕೇಳಿ: ಬೈಕ್ ಸವಾರಿ ಸೇರಿದೆಯಾ, ಎಷ್ಟು ಸಿಸಿ ವರೆಗೆ, ಕಚ್ಚಾ ರಸ್ತೆ, ಎಷ್ಟು ಎತ್ತರದ ತನಕ, ಗುಡ್ಡದಿಂದ ದವಾಖಾನೆಗೆ ಸಾಗಿಸುವ ಖರ್ಚು ಯಾರದು. ಟೂರ್‌ನವರು ಡಿಪಾಸಿಟ್ ಹಿಡಿಯುತ್ತಾರೆ. ಗಾಡಿ ಕೈಗೆ ಕೊಟ್ಟಾಗ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ಸರ್, ಐವತ್ತು ತುಂಬಿತು ಅಂದಿರಿ. ನಿಮ್ಮ ಲೈಸೆನ್ಸ್ ತೆಗೆದು ದಿನಾಂಕ ನೋಡಿದ್ದೀರಾ? ನಮ್ಮ ಕಾಲದಲ್ಲಿ ಮಾಡಿಸಿದ್ದು 20 ವರ್ಷ ಅಥವಾ 50 ತುಂಬುವ ತನಕ, ಯಾವುದು ಮೊದಲೋ ಅದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ. ನವೀಕರಣ ಆದ ಮೇಲೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಅರ್ಜಿ ಹಾಕಿ. ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಗೇರ್ ಇರುವ ಮೋಟಾರ್‌ಸೈಕಲ್ ವರ್ಗ ಅದರಲ್ಲಿ ನಮೂದಾಗಿದೆಯೋ ನೋಡಿಯೇ ಕೌಂಟರ್ ಬಿಡಿ. ಪರ್ಮಿಟ್ ಒಂದೇ ಸಾಲದು, ಮೂಲ ಲೈಸೆನ್ಸ್ ಜೊತೆಗಿರಬೇಕು. ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ಕಿರ್ಗಿಸ್ತಾನ ಅದಕ್ಕೆ ಸೇರಿದೆ, ನಿಮಗೆ ತೊಂದರೆ ಇಲ್ಲ. ಮುಂದೆ ವಿಯೆಟ್ನಾಂ ಅಂತ ಆಸೆ ಆದರೆ ಅಲ್ಲಿ ಇದು ನಡೆಯುವುದಿಲ್ಲ, ಅವರು 1968ರ ವಿಯೆನ್ನಾ ಒಪ್ಪಂದದವರು.

ಉತ್ತರ: ನವನಗರದ ಬುಲೆಟ್, ಹುಬ್ಬಳ್ಳಿ

ಸರ್, ಓದಿದ ಕೂಡಲೇ ಪಾಕೀಟು ತೆಗೆದು ನೋಡಿದೆ. ನನ್ನ ಲೈಸೆನ್ಸ್ ಮುಗಿದು ಎಂಟು ತಿಂಗಳು! ಎಂಟು ತಿಂಗಳಿಂದ ದಿನಾ ಗಾಡಿ ಹೊಡೆದಿದ್ದೇನೆ, ನೋಡೇ ಇಲ್ಲ. ನಾಳೆಯೇ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿ ಅರ್ಜಿ ಹಾಕುತ್ತೇನೆ. ನಿಮ್ಮ ಉಪಕಾರ ಮರೆಯುವುದಿಲ್ಲ. ಧಾರವಾಡದ ಅಕ್ಕಾರ, ನಿಮ್ಮ ಉತ್ತರ ಮನೆಯವಳಿಗೆ ಓದಿ ಹೇಳಿದೆ. ಅವಳು ಗಾದಿ ತೆಗೆದಿಟ್ಟಿದ್ದಾಳೆ. ಊಟದ ಬಗ್ಗೆ ಯಾರಾದರೂ ಹೇಳಿ.

ಉತ್ತರ: ಹಾವೇರಿಯಿಂದ

ಅಣ್ಣಾರ, ನನ್ನ ತಮ್ಮನ ಮಗ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ನಮ್ಮ ದೇಶದ ಹುಡುಗರು ಅಲ್ಲಿ ಸಾವಿರಗಟ್ಟಲೆ ಇದ್ದಾರೆ. ಊರಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಬಿಷ್ಕೆಕ್‌ನಲ್ಲಿ ಇರುವಷ್ಟು ದಿನ ಚಿಂತೆ ಇಲ್ಲ. ಕಷ್ಟ ಹೊರಗೆ ಹೋದ ಮೇಲೆ. ಕುರಿ, ಕುದುರೆ, ದನ ಸಾಕಿ ಬದುಕುವ ಜನ, ಸೂಪಿನ ತಳದಲ್ಲೂ ಮಾಂಸದ ನೀರೇ. ಹುಡುಗ ಕಲಿಸಿದ ಎರಡು ಮಾತು ಬಾಯಿಪಾಠ ಮಾಡಿ. "ಬೆಜ್ ಮ್ಯಾಸಾ", ರಷ್ಯನ್‌ನಲ್ಲಿ ಮಾಂಸ ಬೇಡ ಅಂತ. "ರಹ್ಮತ್", ಕಿರ್ಗಿಜ್‌ನಲ್ಲಿ ಧನ್ಯವಾದ. ರೊಟ್ಟಿಗೆ ಅವರೂ ನಾನ್ ಅಂತಲೇ ಅನ್ನುತ್ತಾರೆ. ದುಂಡಗೆ, ದಪ್ಪಗೆ, ಬಿಸಿ ಇದ್ದಾಗ ಬಲು ರುಚಿ. ಜೊತೆಗೆ ಬೆಣ್ಣೆ, ಕೆನೆ, ಜಾಮ್, ಸೌತೆಕಾಯಿ, ಟೊಮೆಟೊ, ಆಲೂಗಡ್ಡೆ, ಎಷ್ಟು ಬೇಕಾದರೂ ಚಹಾ. ನಾನ್ ಅನ್ನು ಬೋರಲು ಇಡಬೇಡಿ, ಅನ್ನಕ್ಕೆ ಅವಮಾನ ಅಂತ ತಿಳಿಯುತ್ತಾರೆ. ಕುಮಿಸ್ ಕೊಟ್ಟರೆ ಅದು ಹುಳಿ ಬರಿಸಿದ ಕುದುರೆ ಹಾಲು, ಸ್ವಲ್ಪ ಅಮಲು ಇರುತ್ತದೆ. ಎದೆಗೆ ಕೈ ಇಟ್ಟು ನಯವಾಗಿ ಬೇಡ ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬುತ್ತಿ ಕಟ್ಟಿಕೊಂಡು ಹೋಗಿ. ಕಡಕ್ ರೊಟ್ಟಿಯನ್ನು ಉಕ್ಕಿನ ಡಬ್ಬಿಯಲ್ಲಿ ಹಾಕಿ, ಬಟ್ಟೆಯ ನಡುವೆ ಇಟ್ಟರೆ ಮುರಿಯುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ. ಖಾರ ನಮ್ಮ ಬ್ಯಾಡಗಿದೇ ಇರಲಿ, ಬಣ್ಣ ನೋಡಿ ಅವರು ಹೆದರುತ್ತಾರೆ, ಆದರೆ ಬಾಯಿ ಸುಡುವುದಿಲ್ಲ, ಅವರಿಗೂ ಕೊಡಬಹುದು. ಮಾದಲಿ ಒಯ್ಯುವುದಾದರೆ ಗಸಗಸೆ ಹಾಕಬೇಡಿ. ವಿಮಾನ ದುಬೈ, ಶಾರ್ಜಾ ಮೇಲೆ ಹೋಗುವುದಿದ್ದರೆ ಇದು ಬಹಳ ಮುಖ್ಯ. ಆ ದೇಶದಲ್ಲಿ ಗಸಗಸೆ ನಿಷೇಧ, ಚಿಟಿಕೆ ಇದ್ದರೂ ಪೊಲೀಸ್ ಕೇಸು.

ಇನ್ನೊಂದು ಹೇಳಲೇಬೇಕು. ಇಸಿಕ್-ಕುಲ್ ದಕ್ಷಿಣ ದಂಡೆಯಲ್ಲಿ ಹೋಗುವಾಗ ಜೆತಿ-ಓಗುಜ್ ಅನ್ನುವ ಕೆಂಪು ಬಂಡೆಗಳ ಸಾಲು ಸಿಗುತ್ತದೆ. ಹಾಗಂದರೆ ಏಳು ಹೋರಿ ಅಂತ. ಹುಡುಗ ಫೋಟೋ ಕಳಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಮುಗಿಬಿದ್ದು ನೋಡಿದೆವು. ದೀಪಾವಳಿಗೆ ಹೋರಿ ಓಡಿಸುವ ಜಿಲ್ಲೆಯವರು ನಾವು. ಭುಜಕ್ಕೆ ಭುಜ ಕೊಟ್ಟು ನಿಂತ ಹಾಗೇ ಇವೆ. ಅಲ್ಲಿ ಐದು ನಿಮಿಷ ಜಾಸ್ತಿ ನಿಲ್ಲಿ.

ಉತ್ತರ: ಕೆಲಗೇರಿ ಕೆರೆ ದಂಡೆ, ಧಾರವಾಡ

ಬುತ್ತಿ ವಿಷಯ ಸರಿಯಾಗಿ ಹೇಳಿದಿರಿ. ನಾನು ಹಿಂಡಿ ಒಯ್ಯದೆ ಎಂಟನೇ ದಿನ ಒದ್ದಾಡಿದೆ.

ಅಣ್ಣಾ, ಗುಂಪಿನಲ್ಲಿ ಹೋಗುವ ರೀತಿ ಒಂದು ಬಿಟ್ಟುಹೋಯಿತು. ಕೂಡುರಸ್ತೆ ಬಂದಾಗ ಗೈಡ್‌ನ ಬೆನ್ನ ಹಿಂದೆಯೇ ಇರುವ ಸವಾರರು ಅಲ್ಲೇ ನಿಂತು, ಎಲ್ಲರಿಗೂ ತಿರುವು ತೋರಿಸಿ, ಕೊನೆಯ ಸವಾರ ಬಂದ ಮೇಲೆ ಹೊರಡಬೇಕು. ನಿಲ್ಲಲು ನಿಮ್ಮ ಸರದಿ ಬಂದರೆ ಅರ್ಧ ತಾಸಾದರೂ ಕದಲಬೇಡಿ. ನೀವು ಕದಲಿದರೆ ಹಿಂದಿನವರು ಬೇರೆ ಕಣಿವೆಗೆ ಹೋಗಿಬಿಡುತ್ತಾರೆ. ಈ ನಂಬಿಕೆ ಇರುವುದರಿಂದಲೇ ಯಾರೂ ಮುಂದಿನವರ ಬೆನ್ನು ಹತ್ತಿ ಧೂಳು ಕುಡಿಯಬೇಕಾಗಿಲ್ಲ. ನಿಮ್ಮ ವೇಗದಲ್ಲಿ ನೀವು ಬನ್ನಿ.

ಉತ್ತರ: ನವನಗರದ ಬುಲೆಟ್, ಹುಬ್ಬಳ್ಳಿ

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಲೈಸೆನ್ಸ್ ಬಂತು, ಪರ್ಮಿಟ್ ಬಂತು. ಇ-ವೀಸಾ ಅರ್ಜಿ ಹೋಗಿದೆ. ಹಿಮಾಲಯನ್ ಅಂತ ಹೇಳಿಬಿಟ್ಟೆ. ವಿಮೆ ಕಂಪನಿಯಿಂದ ಬೈಕ್ ಬಗ್ಗೆ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡೆ.

ಎಂಟರ ಆಕಾರ ಮೊದಲ ವಾರ ಬಹಳ ಕಷ್ಟ ಆಯಿತು. ಈಗ ಕಾಲು ಇಡದೆ ಇಪ್ಪತ್ತು ಸುತ್ತು ಆಗುತ್ತದೆ. ಹೋದ ಭಾನುವಾರ ಅಣ್ಣಿಗೇರಿಗೆ ತಂಗಿಯ ಮನೆಗೆ ಹೋಗಿದ್ದೆ. ಶುಕ್ರವಾರ ಮಳೆ ಆಗಿತ್ತು. ಹೊಲದ ದಾರಿಯಲ್ಲಿ ನಿಂತುಕೊಂಡು ಸುಮಾರು ಎರಡು ಕಿಲೋಮೀಟರ್ ಹೋದೆ. ವಾಪಸ್ ತಿರುಗಿಸುವಾಗ ಟ್ರ್ಯಾಕ್ಟರ್ ಗುರುತಿನೊಳಗೆ ಮುಂದಿನ ಚಕ್ರ ಜಾರಿ ಗಾಡಿ ಬಲಕ್ಕೆ ಮಲಗಿತು. ತಂಗಿಯ ಗಂಡ ಓಡಿಬಂದ. ತಡಿ ಅಂದೆ. ಮೊದಲು ಸ್ಟ್ಯಾಂಡ್ ಹೊರಗೆ ಚಾಚಿದೆ, ಗೇರಿಗೆ ಹಾಕಿದೆ, ಬೆನ್ನು ಕೊಟ್ಟು ಕೂತೆ. ಎರೆ ಮಣ್ಣಿನಲ್ಲಿ ಬೂಟು ಎರಡು ಸಲ ಜಾರಿತು. ಮೂರನೇ ಸಲ ಗಾಡಿ ಎದ್ದಿತು. ಒಬ್ಬನೇ ಎತ್ತಿದೆ.

ಅಂಗಡಿಯ ಕೆಂಪು ಇನ್ಸುಲೇಷನ್ ಟೇಪಿನ ಒಂದು ಸುರುಳಿ ಬ್ಯಾಗಿನ ಮೇಲಿನ ಜೇಬಿಗೆ ಹಾಕಿಟ್ಟಿದ್ದೇನೆ, ಬಾಣಕ್ಕೆ.